ಬಲಗೈಯ ಹಿಂಭಾಗ

ಅವರನ್ನು ನೆನೆದಾಗ ನನಗೆ ಮೊದಲು ಬರುವುದು ಮುಖವಲ್ಲ, ಬಲಗೈಯ ಹಿಂಭಾಗ. ಬೆರಳುಗಳನ್ನು ಸ್ವಲ್ಪ ಮಡಚಿ, ಗೆಣ್ಣಿನ ಮೇಲಿನ ಚರ್ಮವನ್ನು ಯಾರದೋ ಬೆನ್ನಿಗೆ ತಾಗಿಸಿ, ಕಣ್ಣು ಮುಚ್ಚಿ ನಿಂತ ಒಬ್ಬ ಮನುಷ್ಯ. ಮುಖ ಹೇಗಿತ್ತು ಎಂದು ಕೇಳಿದರೆ ಗಡ್ಡವಿತ್ತು ಎನ್ನುತ್ತೇನೆ. ನಮ್ಮ ಶಾಲೆಯ ಗುಂಪು ಫೋಟೋದ ತುದಿಯಲ್ಲಿ ಅವರು ನಿಂತಿದ್ದಾರೆ, ಗಡ್ಡವಿಲ್ಲ. ಹಾಗಾಗಿ ನಾನು ಹೇಳುವುದರಲ್ಲಿ ಕೈಯನ್ನು ನಂಬಿ, ಉಳಿದದ್ದನ್ನು ಸ್ವಲ್ಪ ಅನುಮಾನದಿಂದ ಓದಿ.

ಹೋದ ತಿಂಗಳು ನರಸಿಂಹರಾಜಪುರದಲ್ಲಿ ತೀರಿಕೊಂಡರು. ಮಣ್ಣು ಮುಗಿಸಿ ಬಂದವರು ಅವರ ಮನೆಯ ಜಗುಲಿಯಲ್ಲಿ ಕೂತು ಮಾತಾಡುತ್ತಿದ್ದರು. ಒಬ್ಬರು ಹೇಳಿದರು, "ಎಷ್ಟು ಚೊಕ್ಕದ ಮನುಷ್ಯ ಮಾರಾಯ್ರೆ. ಕರ್ಚೀಫು ನಾಲ್ಕು ಮಡಿಕೆ ಮಾಡಿ ಸುತ್ತದೆ ಲೋಟ ಮುಟ್ಟಿದ್ದೇ ಇಲ್ಲ." ಎಲ್ಲರೂ ಹೌದೆಂದರು. ನಾನೂ ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ಸುಳ್ಳು. ಅದಕ್ಕಾಗಿ ಈ ಬರಹ.

ಅವರ ಕೆಲಸ ಕುಷ್ಠರೋಗ ಹುಡುಕುವುದು. ಆರೋಗ್ಯ ಇಲಾಖೆ ಅವರಿಗೆ ಒಂದು ಉದ್ದನೆಯ ಇಂಗ್ಲಿಷ್ ಹುದ್ದೆ ಕೊಟ್ಟಿತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನ ಅದನ್ನು ಬಿಟ್ಟು 'ಮಚ್ಚೆ ಸಾಹೇಬ್ರು' ಅಂತ ಕರೆಯುತ್ತಿದ್ದರು. ಸೈಕಲ್ಲು, ರಿಜಿಸ್ಟರು, ರೋಗ ಕಂಡವರ ಹೆಸರಿಗೆ ಬರೆಯುವ ಕಾರ್ಡುಗಳು, ಹತ್ತಿ, ಗುಂಡುಸೂಜಿ, ಒಂದು ಸಣ್ಣ ಬಾಟಲಿ. ಸೈಕಲ್ಲು ಏರದ ಕಡೆಗೆ ಬಸ್ಸು. ವರ್ಷಕ್ಕೊಮ್ಮೆ ಶಾಲೆಗಳಿಗೆ ಬರುತ್ತಿದ್ದರು. ಹುಡುಗರು ಅಂಗಿ ಬಿಚ್ಚಿ ಅಂಗಳದ ಬಿಸಿಲಲ್ಲಿ ಸಾಲಾಗಿ ನಿಲ್ಲಬೇಕು. ನಾನು ಕೊಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಸಾಲು ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿತ್ತು. ನಮ್ಮ ಪರಿಚಯ ಆದದ್ದು ಹಾಗೆ.

ಅವರಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ಚರ್ಮ ನೆನಪಿರುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಮುಖ ನೋಡಿ ಗಲಿಬಿಲಿಯಾಗುವರು, ಆ ಮನುಷ್ಯ ತಿರುಗಿ ಹೊರಟಾಗ, ಕತ್ತಿನ ಹಿಂದಿನ ಗಾಯದ ಗುರುತು ನೋಡಿ, "ಓ, ಬೇಗಾರಿನ ಇವ್ರು!" ಅಂತ ಕೂಗುವರು. ಹೋಟೆಲಿನಲ್ಲಿ ಅವರನ್ನು ಛೇಡಿಸುವವರಿಗೆ ಕಡಿಮೆ ಇರಲಿಲ್ಲ. "ಸಾಹೇಬ್ರ ಎದುರು ಅಂಗಿ ತೋಳು ಮಡಚಬೇಡ ಮಾರಾಯ, ಕಾರ್ಡ್ ಬರ್ದುಬಿಡ್ತಾರೆ." ಅವರೂ ಬಿಡುತ್ತಿರಲಿಲ್ಲ. "ನಿಂದು ಬರೀಬೇಕಾದ್ರೆ ಎರಡು ಕಾರ್ಡ್ ಬೇಕು, ಚರ್ಮಕ್ಕೊಂದು, ನಾಲಿಗೆಗೊಂದು."

ಆ ಬಾಟಲಿಯ ವಿಚಾರ ಹೇಳಬೇಕು. ಅದರಲ್ಲಿದ್ದದ್ದು ಹಿಸ್ಟಮಿನ್ ಎಂಬ ಔಷಧದ ನೀರು. ಬಿಳಿಚಿದ ಮಚ್ಚೆಯ ಮೇಲೆ ಒಂದು ಹನಿ ಇಟ್ಟು, ಆ ಹನಿಯ ಮೂಲಕವೇ ಸೂಜಿಯಿಂದ ಮೆಲ್ಲಗೆ ಚುಚ್ಚುವುದು. ಮಚ್ಚೆಯಿಲ್ಲದ ಜಾಗದಲ್ಲಿ ಇನ್ನೊಂದು ಹನಿ, ಇನ್ನೊಂದು ಚುಚ್ಚು. ಕೆಲವು ನಿಮಿಷ ಕಾಯಬೇಕು. ನರ ಸರಿಯಿದ್ದ ಕಡೆ ಚುಚ್ಚಿದ ಸುತ್ತ ರೂಪಾಯಿಯಗಲ ಕೆಂಪೇರುತ್ತದೆ. ಕುಷ್ಠ ನರವನ್ನು ತಿಂದಿದ್ದರೆ ಏರುವುದಿಲ್ಲ. ಹತ್ತಿಯಿಂದ ಸವರಿ "ಗೊತ್ತಾಯ್ತಾ?" ಎಂದು ಕೇಳಿದರೆ ಹೆದರಿದವರು ಸುಳ್ಳು ಹೇಳಬಹುದು, ಕೂಸುಗಳು ಏನೂ ಹೇಳದೆ ಇರಬಹುದು, ಮುಖದ ಮೇಲಿನ ಮಚ್ಚೆಯಾದರೆ ರೋಗವಿದ್ದೂ ಸ್ಪರ್ಶ ತಿಳಿಯುತ್ತದೆ. ಈ ಕೆಂಪಿಗೆ ಮಾತ್ರ ಸುಳ್ಳು ಹೇಳಲು ಬರುವುದಿಲ್ಲ.

ತೊಂದರೆಯೆಂದರೆ ನಮ್ಮ ಜನರ ಕಪ್ಪು ಚರ್ಮದಲ್ಲಿ ಕೆಂಪು ಕಾಣಿಸುವುದಿಲ್ಲ. ಇಲಾಖೆಯ ಪುಸ್ತಕ ಬರೆದವರು ಇದನ್ನು ಯೋಚಿಸಿರಲಿಕ್ಕಿಲ್ಲ. ಸಾಹೇಬರು ಯೋಚಿಸಿದ್ದರು. ಕೆಂಪಾಗುವುದು ರಕ್ತ ಹೆಚ್ಚು ಹರಿಯುವುದರಿಂದ, ರಕ್ತ ಹರಿದರೆ ಬಿಸಿಯಾಗಲೇಬೇಕು. ಬಿಸಿಯನ್ನು ನೋಡುವುದು ಬೇಡ, ಮುಟ್ಟಿದರಾಯಿತು. ಅಂಗೈ ದಪ್ಪ, ಅದಕ್ಕಾಗಿ ಕೈಯ ಹಿಂಭಾಗ. ಕಣ್ಣು ಮುಚ್ಚಿ ಒಂದು ಕ್ಷಣ ತಾಗಿಸಿ "ಉಂಟು" ಅಥವಾ "ಇಲ್ಲ" ಎನ್ನುವರು. ನನ್ನ ತೋಳಿನ ಮೇಲೆ ಮಾಡಿ ತೋರಿಸಿದ್ದರು. ನನಗೆ ಕಾಣದ ವ್ಯತ್ಯಾಸ ಅವರ ಕೈಗೆ ತಿಳಿಯುತ್ತಿತ್ತು. ಡಾಕ್ಟರು ತಿಂಗಳಿಗೊಮ್ಮೆ ಬಂದು ಕಾರ್ಡುಗಳನ್ನು ನೋಡುವಾಗ ಅವರ 'ಉಂಟು', 'ಇಲ್ಲ'ಗಳನ್ನು ತಿದ್ದಿದ್ದು ಕಡಿಮೆ.

ಒಂದು ದಿನ ಕೇಳಿದರು. "ಮೇಷ್ಟ್ರೆ, ಚುಚ್ಚಿದ ಸುದ್ದಿ ನರದಲ್ಲಿ ಮೇಲೆ ಹೋಗ್ತದೆ, ಸರಿ. ಆದ್ರೆ ಚರ್ಮಕ್ಕೆ ಕೆಂಪಾಗು ಅಂತ ಹುಕುಂ ಕೊಡೋದು ಯಾರು? ಮಿದುಳಾ?"

ನನಗೆ ಗೊತ್ತಿರಲಿಲ್ಲ. ಆಗ ನಾನು ಅಂಚೆಯಲ್ಲಿ ಒಂದು ವಿಜ್ಞಾನ ಪತ್ರಿಕೆ ತರಿಸುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ನೋವಿನ ಬಗ್ಗೆ ಹೊಸದೇನಾದರೂ ಅದರಲ್ಲಿ ಆಗಾಗ ಬರುತ್ತಿತ್ತು. ಉತ್ತರ ಅಲ್ಲೇ ಸಿಕ್ಕಿತು. ಮಿದುಳು ಹುಕುಂ ಕೊಡುವುದಿಲ್ಲ. ನೋವಿನ ನರದ ತುದಿಯಲ್ಲಿ ಪ್ರೋಟೀನಿನ ಸಣ್ಣ ತುಣುಕುಗಳು ಶೇಖರವಾಗಿರುತ್ತವೆ, ಅವಕ್ಕೆ ನ್ಯೂರೋಪೆಪ್ಟೈಡ್ ಎನ್ನುತ್ತಾರೆ. ಅವುಗಳಲ್ಲಿ ಒಂದರ ಹೆಸರು ಸಬ್‌ಸ್ಟೆನ್ಸ್ ಪಿ. ನೋವಿನ ಸುದ್ದಿ ಮೇಲೆ ಹೋಗುವಾಗಲೇ ನರದ ಪಕ್ಕದ ಕವಲುಗಳಲ್ಲಿ ಕೆಳಗೂ ಇಳಿದು, ಅಲ್ಲಲ್ಲಿ ಈ ತುಣುಕುಗಳನ್ನು ಸುರಿಯುತ್ತದೆ. ಅವು ರಕ್ತನಾಳವನ್ನು ಹಿಗ್ಗಿಸುತ್ತವೆ. ಅದೇ ಕೆಂಪು, ಅದೇ ಬಿಸಿ. ಇದಕ್ಕಿಂತಲೂ ಜೋರಾಗಿ ರಕ್ತನಾಳ ಹಿಗ್ಗಿಸುವ ಇನ್ನೊಂದು ತುಣುಕು ಸಿಕ್ಕಿತೆಂದು ಕೆಲವು ವರ್ಷಗಳ ನಂತರ ಓದಿದೆ.

ಸಾಹೇಬರು ಹೇಳಿದರು, "ಅಂದ್ರೆ ನಮ್ಮ ಶೃಂಗೇರಿ ಬಸ್ಸಿನ ಹಾಗೆ. ಜನರನ್ನೂ ಒಯ್ತದೆ, ದಾರೀಲಿ ಪೇಪರ್ ಕಟ್ಟು ಎಸೀತಾನೂ ಹೋಗ್ತದೆ."

ನಾನು ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅದೇ ಲೇಖನದಲ್ಲಿ ಮೆಣಸಿನಕಾಯಿಯ ವಿಚಾರವೂ ಇತ್ತು. ಮೆಣಸಿನ ಖಾರ ಈ ನರಗಳನ್ನೇ ಕೆಣಕಿ ತುಣುಕುಗಳನ್ನು ಹೊರಗೆ ಸುರಿಸುತ್ತದೆ. ಮತ್ತೆ ಮತ್ತೆ ಹಚ್ಚುತ್ತಿದ್ದರೆ ಶೇಖರವೇ ಬರಿದಾಗಿ ಆಮೇಲೆ ಉರಿಯೂ ತಿಳಿಯುವುದಿಲ್ಲ, ಬಿಸಿಯೂ ಸರಿಯಾಗಿ ತಿಳಿಯುವುದಿಲ್ಲ. ಓದಿ ಹೇಳಿದೆ. ಅವರ ಮುಖ ಅರಳಿತು. ಅರಳಿತು ಎಂದೇ ನನ್ನ ನೆನಪು. ಮುಖ ನೆನಪಿಲ್ಲ ಎಂದವನು ಇದನ್ನು ಹೇಗೆ ಹೇಳುತ್ತೇನೋ ಗೊತ್ತಿಲ್ಲ.

ಅವರ ತಂದೆಗೆ ನರಸಿಂಹರಾಜಪುರದ ಪೇಟೆಯಲ್ಲಿ ಒಣಮೆಣಸಿನ ವ್ಯಾಪಾರ. ಮನೆಮಂದಿಯೆಲ್ಲ ಕೂತು ತೊಟ್ಟು ಬಿಡಿಸುತ್ತಿದ್ದರು. ಮೊದಮೊದಲು ಕೈ ಉರಿದು ನೀರಲ್ಲಿ ಅದ್ದಿ ಕೂರುತ್ತಿದ್ದ ತಾನು ಕೆಲವು ವಾರಗಳಲ್ಲಿ ಉರಿ ಮರೆತದ್ದನ್ನು ಅವರು ಮೊದಲೇ ಹೇಳಿದ್ದರು. ಬಾಟಲಿ ಖಾಲಿಯಾಗಿ ಜಿಲ್ಲಾ ಕಚೇರಿಯಿಂದ ಹೊಸದು ಬಾರದಿದ್ದಾಗ ಸೂಜಿಮೆಣಸು ನೆನೆಸಿದ ಎಣ್ಣೆಯನ್ನೇ ಹನಿಗೆ ಬದಲಾಗಿ ಹಚ್ಚಿ ಡಾಕ್ಟರಿಂದ ಬೈಸಿಕೊಂಡದ್ದೂ ಇತ್ತು. ಈಚೆಗೆ ಹೋಟೆಲಿನಲ್ಲಿ ಕುದಿಯುವ ಕಾಫಿಯ ಲೋಟವನ್ನು ಬರಿಗೈಯಲ್ಲಿ ಎತ್ತುತ್ತಿದ್ದರು. "ಎಂತ ಕಬ್ಬಿಣದ ಕೈಯಾ ಸಾಹೇಬ್ರೆ?" ಎಂದವರಿಗೆ ಈಗ ಅವರ ಬಳಿ ಉತ್ತರವಿತ್ತು. "ಮೆಣಸಿನ ಕೈ. ಸಬ್‌ಸ್ಟೆನ್ಸ್ ಪಿ ಖಾಲಿ. ನಮ್ಮ ಮೇಷ್ಟ್ರ ಪೇಪರಿನಲ್ಲಿ ಬಂದಿದೆ."

ನಾನು ನಗುತ್ತಿದ್ದೆ. ದಿನವಿಡೀ ಇತರರ ಮರಗಟ್ಟಿದ ಚರ್ಮ ಹುಡುಕುವ ಮನುಷ್ಯ ತನ್ನದನ್ನು ಲೋಟದ ಮುಂದೆ ಇಟ್ಟು ತೋರಿಸುತ್ತಿದ್ದ, ಅದಕ್ಕೆ ಕಾರಣವನ್ನು ನಾನೇ ಒದಗಿಸಿದ್ದೆ.

ಆ ಬೇಸಿಗೆ ಅವರು ನೆಮ್ಮಾರಿನ ಬಳಿ ಒಂದು ಎಸ್ಟೇಟಿನ ಕೂಲಿಯಾಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳಿಗೆ ಹೋದರು. ಅಲ್ಲಿ ಸೀತು ಅಂತ ಒಬ್ಬಳು, ತೋಟದಲ್ಲಿ ದಿನಗೂಲಿಯವಳು, ಹತ್ತು ತಿಂಗಳ ಕೂಸಿನ ತಾಯಿ. ಎಡಗೆನ್ನೆಯ ಮೇಲೆ ಬಿಳಿಚಿದ ಮಚ್ಚೆ. ಬಾಟಲಿಯಲ್ಲಿ ಸ್ವಲ್ಪವೇ ಉಳಿದಿತ್ತೆಂದು ಸಾಹೇಬರು ಮಚ್ಚೆಯ ಮೇಲೆ ಮಾತ್ರ ಹನಿ ಇಟ್ಟರು. ಇನ್ನೊಂದು ಕಡೆ ಇಡಲಿಲ್ಲ. ಅಭ್ಯಾಸದ ಕೈ, ಹೋಲಿಸಿ ನೋಡುವ ಅಗತ್ಯ ಕಾಣಲಿಲ್ಲ. ಕಣ್ಣು ಮುಚ್ಚಿ ತಾಗಿಸಿದರು. ಬಿಸಿಯಿಲ್ಲ. ಕಾರ್ಡು ಬರೆದರು.

ಮಾತ್ರೆ ಕೊಟ್ಟು, ಇದು ವಾಸಿಯಾಗುವ ರೋಗ, ಮುಟ್ಟಿದರೆ ಬರುವುದಿಲ್ಲ, ಕೂಸಿಗೆ ಹಾಲು ಕೊಡಬಹುದು ಎಂದು ಎಲ್ಲ ಕಡೆ ಹೇಳುವುದನ್ನು ಅಲ್ಲೂ ಹೇಳಿದರು. ಸೀತುವಿನ ಅತ್ತೆ ಕೇಳಿದಳು, "ಹೇಳೂದು ಸುಲಭ. ನಿಮ್ಮನೆ ಕೂಸಾದ್ರೆ ಬಿಡ್ತಿದ್ರಾ?" ಆ ಸಂಜೆಯೇ ಅವಳು ಕೂಸನ್ನು ಎತ್ತಿಕೊಂಡು ಸಾಲಿನ ಕೊನೆಯ ಮನೆಗೆ, ಮಗಳ ಬಳಿಗೆ, ಹೋದಳು. ಸೀತುಗೆ ಕೂಸನ್ನು ದೂರದಿಂದ ನೋಡಲು ಮಾತ್ರ ಅವಕಾಶ.

ತಿಂಗಳ ಮಾತ್ರೆ ಕೊಡಲು ಸಾಹೇಬರು ಮತ್ತೆ ಹೋದಾಗ ಸೀತು ಮಾತ್ರೆ ತೆಗೆದುಕೊಳ್ಳಲಿಲ್ಲ. ಇದನ್ನು ನಾನು ಕಂಡಿಲ್ಲ, ಅವರ ಬಾಯಿಂದ ಕೇಳಿದ್ದು. ಅವರು ಹೇಳಿದ್ದು ಒಂದೇ ಸಲ, ಹಾಗಾಗಿ ಕಥೆ ಬೆಳೆದಿರಲಿಕ್ಕಿಲ್ಲ.

"ಈ ಕಡೆ ಕೆನ್ನೇಲಿ ಮಚ್ಚೆ ಇಲ್ಲ ಅಲ್ದಾ? ಇಲ್ಲೂ ಹಾಕಿ ನೋಡಿ."

"ಅಲ್ಲಿ ಎಂತಕ್ಕೆ ಮಾರಾಯ್ತಿ?"

"ನನ್ನ ಕೂಸು ಅಲ್ಲಿ ಅಳ್ತಾ ಇದೆ. ನೀವು ಹಾಕಿ."

ಹೊಸ ಬಾಟಲಿ ಬಂದಿತ್ತು. ಎರಡೂ ಕೆನ್ನೆಗೆ ಹನಿ ಇಟ್ಟು ಚುಚ್ಚಿದರು. ಕಾದರು. ಎಡಗೆನ್ನೆಗೆ ಕೈ ತಾಗಿಸಿದರು, ಬಿಸಿಯಿಲ್ಲ. ಮಚ್ಚೆಯಿಲ್ಲದ ಬಲಗೆನ್ನೆಗೆ ತಾಗಿಸಿದರು. ಅಲ್ಲೂ ಇಲ್ಲ. ಮತ್ತೆ ಮತ್ತೆ ತಾಗಿಸಿದರು. ಸೀತು ತನ್ನ ಅಂಗೈಗಳನ್ನು ಎರಡು ಕೆನ್ನೆಗೂ ಇಟ್ಟುಕೊಂಡಳು.

"ನನ್ನ ಕೈಗೆ ಎರಡೂ ಕೆನ್ನೆ ಬಿಸಿ ಇದೆ. ನಿಮ್ಗೆ ಬಿಸಿ ಗೊತ್ತಾಗ್ತದಾ ಸಾಹೇಬ್ರೆ?"

ಪಕ್ಕದಲ್ಲಿದ್ದ ಅತ್ತೆ, "ಅವಳ ಕೆನ್ನೆಗೆ ಅವಳ ಕೈಯೇ ಸಾಕ್ಷಿಯಾ?" ಎಂದು ನಕ್ಕಳಂತೆ. ಸಾಹೇಬರು ಬ್ಯಾಗು ಕಟ್ಟಿಕೊಂಡು ಹೊರಟರು.

ನೇರ ಕೊಪ್ಪದ ನನ್ನ ಕೋಣೆಗೆ ಬಂದರು. ಕೂರಲಿಲ್ಲ. ಎರಡು ಲೋಟ ತರಿಸಿದರು, ಒಂದರಲ್ಲಿ ಹಂಡೆಯ ಬಿಸಿನೀರು, ಇನ್ನೊಂದರಲ್ಲಿ ಕೊಡದ ತಣ್ಣೀರು. ಕಣ್ಣು ಮುಚ್ಚಿ ಬಲಗೈಯ ಹಿಂಭಾಗ ಮುಂದೆ ಚಾಚಿದರು. ನಾನು ಬಿಸಿಯದನ್ನು ತಾಗಿಸಿದೆ.

"ತಣ್ಣಂದು," ಎಂದರು.

ತಣ್ಣನೆಯದನ್ನು ತಾಗಿಸಿದೆ. "ಬೇರೆ ತಾಗಿಸಿ ಮೇಷ್ಟ್ರೆ, ಅದನ್ನೇ ಹಿಡಿದಿದೀರಿ."

ನಾನು ಅವಸರದಿಂದ, "ಮೆಣಸಿನಿಂದಲೇ ಆಗಿರಬೇಕು, ಲೇಖನದಲ್ಲಿ..." ಎಂದು ಶುರು ಮಾಡಿದೆ. ಅವರು ಕಣ್ಣು ತೆರೆದು ಎಡಗೈ ಮುಂದಿಟ್ಟರು. ಬಿಸಿ ಲೋಟ ತಾಗಿದ್ದೇ ಆ ಕೈ ಹಿಂದೆ ಸರಿಯಿತು.

"ಮೆಣಸಿನ ತೊಟ್ಟು ಒಂದೇ ಕೈಯಲ್ಲಿ ಬಿಡಿಸ್ಲಿಕ್ಕೆ ಆಗ್ತದಾ ಮೇಷ್ಟ್ರೆ?"

ಆಮೇಲೆ ನನ್ನ ಬೆರಳನ್ನು ಹಿಡಿದು ತನ್ನ ಬಲ ಮಣಿಕಟ್ಟಿನ ಮೇಲೆ, ಹೆಬ್ಬೆರಳ ಬದಿಗೆ, ಇಟ್ಟು ಉರುಳಿಸಿದರು. ಚರ್ಮದ ಕೆಳಗೆ ಹುರಿಹಗ್ಗದಂಥದ್ದು ಜಾರಿತು. ದಪ್ಪಗಾದ ನರ. ನೂರಾರು ಜನರ ಮಣಿಕಟ್ಟನ್ನು ಹೀಗೆ ತಡವಿ ನೋಡಿದವರು. ತನ್ನದನ್ನು ನೋಡಿರಲಿಲ್ಲ.

ಆಗ ಅವರು ಅತ್ತರೇ, ನಕ್ಕರೇ ಎಂಬುದು ನೆನಪಿಲ್ಲ. ಎರಡೂ ಲೋಟದ ನೀರನ್ನು ಅಂಗಳಕ್ಕೆ ಚೆಲ್ಲಿದ್ದು ನೆನಪಿದೆ.

ಆ ತಿಂಗಳು ಡಾಕ್ಟರು ಬಂದಾಗ ಇಬ್ಬರನ್ನೂ ನೋಡಿದರು. ಸೀತುವಿನದು ಬರೀ ಸಿಬ್ಬು, ಕುಷ್ಠವಲ್ಲ ಎಂದು ಕಾರ್ಡಿಗೆ ಅಡ್ಡಗೆರೆ ಎಳೆದರು. ಸಾಹೇಬರ ಹೆಸರಿಗೆ ಹೊಸ ಕಾರ್ಡು ಬರೆದರು, ಮಾತ್ರೆ ಶುರುವಾಯಿತು. ಆ ಸುತ್ತಿನಲ್ಲಿ ಕಾರ್ಡು ಬರೆದ ಉಳಿದವರನ್ನೂ ಸಾಹೇಬರು ಎಡಗೈಯಿಂದ, ಎರಡೆರಡು ಹನಿ ಇಟ್ಟು, ಹೊಸದಾಗಿ ನೋಡಿ ಬಂದರು. ಅವರಿಗೆಲ್ಲ ಮಚ್ಚೆ ಬೆನ್ನು ತೋಳುಗಳ ಮೇಲಿತ್ತು, ಹತ್ತಿಯೂ ಸೂಜಿಯೂ ಸಾಕ್ಷಿ ಹೇಳಿದ್ದವು. ತಪ್ಪಿದ್ದು ಬರೀ ಕೈಯನ್ನು ನಂಬಿದ ಕಡೆ, ಸೀತುವಿನ ಕೆನ್ನೆಯಲ್ಲಿ.

ಆದರೆ ಕೊಪ್ಪದ ಆಸ್ಪತ್ರೆಯ ಕಾಗದದ ಮೇಲಿನ ಅಡ್ಡಗೆರೆ ನೆಮ್ಮಾರಿನ ಆ ಅತ್ತೆಗೆ ಏನೂ ಅಲ್ಲ. ಕೂಸು ಸಾಲಿನ ಕೊನೆಯ ಮನೆಯಲ್ಲೇ ಇತ್ತು.

ಒಂದು ಭಾನುವಾರ ಇಬ್ಬರೂ ಹೊರಟೆವು. ನಾನು ಯಾಕೆ ಹೋದೆ? ಅವರೇ ಕರೆದರು ಎಂದು ಬಹಳ ಕಾಲ ಹೇಳುತ್ತಿದ್ದೆ. ನಾನೇ ಬರುತ್ತೇನೆ ಎಂದಿರಬೇಕು. ಕರೆಯುವ ಸ್ವಭಾವ ಅವರದಲ್ಲ. ಬಸ್ಸಿನಲ್ಲಿ ನಾನೊಂದು ಉಪಾಯ ಹೇಳಿದೆ. "ಆವತ್ತು ಬಾಟಲಿ ಹಳೇದಿತ್ತು ಅನ್ನಿ. ಮುಗೀತು."

"ಎರಡನೇ ಸಲ ಹೊಸ ಬಾಟ್ಲಿಯ ಸೀಲು ಅವಳೆದುರೇ ಒಡೆದದ್ದು."

"ಅದೂ ಕೆಟ್ಟಿತ್ತು ಅನ್ನಿ."

"ಅನ್ನಬಹುದು," ಎಂದರು. ಹಾಗೆ ಹೇಳುವರೆಂದೇ ನಾನು ತಿಳಿದಿದ್ದೆ. ಆ ಕಾಲಕ್ಕೆ ಈ ರೋಗದ ಹೆಸರು ಅಂಟಿದರೆ ಏನಾಗುತ್ತದೆ ಎಂದು ಮೂರು ತಾಲೂಕಿನಲ್ಲಿ ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ.

ಲೈನ್ ಮನೆಗಳ ಮುಂದೆ ಭಾನುವಾರದ ಜನ ಇದ್ದರು. ಸಾಹೇಬರು ಸೀತುವನ್ನು ಕೂರಿಸಿ ಎರಡೂ ಕೆನ್ನೆಗೆ ಹನಿ ಇಟ್ಟು ಚುಚ್ಚಿದರು. ಕಾದ ಮೇಲೆ ಅತ್ತೆಯನ್ನು ಕರೆದರು.

"ಈಗ ನಿಮ್ಮ ಕೈ ಇಟ್ಟು ನೋಡಿ ಅಮ್ಮ. ನಂದು ಬೇಡ."

ಮುದುಕಿ ಒಲ್ಲೆ ಎಂದಳು. ಯಾರೋ "ಮುಟ್ಟಿ ನೋಡೇ ಮಾರಾಯ್ತಿ, ತಿಂತದಾ?" ಎಂದರು. ಕೊನೆಗೆ ಮುಟ್ಟಿದಳು. ಆ ಕೆನ್ನೆ, ಈ ಕೆನ್ನೆ. ಮತ್ತೆ ಆ ಕೆನ್ನೆ.

"ಎರಡೂ ಬಿಸಿ ಇದೆ."

"ಬಿಸಿ ಇದ್ರೆ ರೋಗ ಇಲ್ಲ. ಅವಳದು ಬರೀ ಸಿಬ್ಬು."

"ಹಾಗಾದ್ರೆ ಆವತ್ತು ನಿಮ್ಗೆ ಎಂತಕ್ಕೆ ಗೊತ್ತಾಗ್ಲಿಲ್ಲ? ಒಮ್ಮೆ ಉಂಟು ಅಂತೀರಿ, ಒಮ್ಮೆ ಇಲ್ಲ ಅಂತೀರಿ. ನಾಳೆ ಬಂದು ಮತ್ತೆ ಉಂಟು ಅಂದ್ರೆ?"

ನಾನು ಬಾಟಲಿಯ ಮಾತಿಗೆ ಕಾದೆ. ಬಾಟಲಿ ಅವರ ಎಡಗೈಯಲ್ಲೇ ಇತ್ತು. ಅದನ್ನು ಬ್ಯಾಗಿಗೆ ಹಾಕಿ ಬಲಗೈಯ ಅಂಗಿತೋಳನ್ನು ಮೇಲೆ ಮಡಚಿದರು.

"ಈ ಕೈಗೆ ಬಿಸಿ ಗೊತ್ತಾಗುದಿಲ್ಲ ಅಮ್ಮ. ರೋಗ ಇರೂದು ನನಗೆ. ನನ್ನದನ್ನ ಇವಳ ಹೆಸರಿಗೆ ಬರ್ದೆ."

ಮುಂದೆ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಹೋದರು. ಮುಟ್ಟಿದರೆ ಬರುವುದಿಲ್ಲ ಎಂದು ಹತ್ತಾರು ವರ್ಷ ಸಾರಿದ ಮನುಷ್ಯ ಅದನ್ನು ಮತ್ತೆ ಹೇಳಬಹುದಿತ್ತು. ಹೇಳಲಿಲ್ಲ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಅಂದಿನ ಮಾತು ನಮ್ಮ ಬಸ್ಸಿಗಿಂತ ಮೊದಲೇ ಶೃಂಗೇರಿ ಮುಟ್ಟಿತ್ತೇನೋ. ಅಲ್ಲಿ ಅವರು ರಾತ್ರಿ ಉಳಿಯುತ್ತಿದ್ದ ನೆಂಟರ ಬಟ್ಟೆಯಂಗಡಿಯ ಅಟ್ಟಕ್ಕೆ ಮುಂದಿನ ವಾರ ಬೀಗ ಬಿತ್ತು. ಕೊಪ್ಪದ ಹೋಟೆಲಿನಲ್ಲಿ ಅವರ ಲೋಟ ಬೇರೆಯಾಯಿತು. ಅದನ್ನು ಅವರೇ ತೊಳೆದಿಡುತ್ತಿದ್ದರು. ನಾನು ಎದುರು ಕೂತು ಕುಡಿಯುತ್ತಿದ್ದೆ. ನನ್ನ ಲೋಟವನ್ನೂ ಬೇರೆ ಇಡಿ ಎಂದು ಒಮ್ಮೆಯೂ ಹೇಳಲಿಲ್ಲ. ವರ್ಷಗಟ್ಟಲೆ ಮಾತ್ರೆ ತಿಂದರು, ರೋಗ ವಾಸಿಯಾಯಿತು, ಕೈಗೆ ಬಿಸಿ ತಿಳಿಯುವುದು ಮರಳಿ ಬರಲಿಲ್ಲ. ನಿವೃತ್ತಿಯವರೆಗೂ ಎಡಗೈಯಲ್ಲಿ ಅದೇ ಕೆಲಸ ಮಾಡಿದರು, ಎರಡು ಹನಿ ಇಡುವುದನ್ನು ಒಮ್ಮೆಯೂ ತಪ್ಪಿಸದೆ. ಜನ ಬದಲಾದರು, ಹೋಟೆಲು ಬದಲಾಯಿತು, ಬೇರೆ ಲೋಟದ ಮಾತನ್ನು ಮರೆತರು. ಲೋಟಕ್ಕೆ ಸುತ್ತುವ ಕರ್ಚೀಫಿನದು ಉಳಿಯಿತು.

ಅದು ಶುರುವಾದದ್ದು ಆ ಭಾನುವಾರ. ಇದನ್ನು ಎರಡು ಮೂರು ಕಡೆ ಹೇಳುವಾಗ, ಸೀತು ಕೂಸನ್ನು ತಂದು ಸಾಹೇಬರ ಕೈಯಲ್ಲಿಟ್ಟಳು ಎಂದು ಹೇಳಿದ್ದೇನೆ. ಕೇಳಿದವರ ಕಣ್ಣು ಒದ್ದೆಯಾಗಿದೆ. ಹಾಗೆ ಆಗಲಿಲ್ಲ.

ಆದದ್ದು ಇಷ್ಟು. ಮುದುಕಿ ಸಾಲಿನ ಕೊನೆಯ ಮನೆಗೆ ಹೋಗಿ ಕೂಸನ್ನು ತಂದು ಸೊಸೆಯ ಮಡಿಲಿಗೆ ಹಾಕಿದಳು. ಸೀತು ಸಾಹೇಬರತ್ತ ನೋಡದೆ ಕೂಸನ್ನು ಅವಚಿಕೊಂಡು ಒಳಗೆ ಹೋದಳು. ಕೂಸಿನ ಅಳು ನಿಂತಿತು. ನಾವು ಹೊರಗೆ ನಿಂತೇ ಇದ್ದೆವು, ಬಸ್ಸಿಗೆ ಇನ್ನೂ ಹೊತ್ತಿತ್ತು. ಬಹಳ ಹೊತ್ತಾದ ಮೇಲೆ ಅವಳು ಕೂಸನ್ನು ಸೊಂಟದಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಒಂದೇ ಒಂದು ಅಲ್ಯೂಮಿನಿಯಂ ಲೋಟ ಹಿಡಿದು ಬಂದಳು. ಕಾಫಿ. ಲೋಟದ ಸುತ್ತ ಕೂಸಿನ ಹಳೆಯ ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ಸುತ್ತಿದ್ದಳು.

ಸಾಹೇಬರು ಎಡಗೈ ಚಾಚಿದರು. ಅವಳು ಕೊಡಲಿಲ್ಲ. ಬೆನ್ನ ಹಿಂದಿದ್ದ ಬಲಗೈ ಮುಂದೆ ಬರುವವರೆಗೂ ಕಾದು ನಿಂತಳು.

"ಬಿಸಿ ಇದೆ ಸಾಹೇಬ್ರೆ," ಎಂದಳು. "ನಿಮ್ಗೆ ಗೊತ್ತಾಗುದಿಲ್ಲ, ನಾನು ಹೇಳ್ತಾ ಇದೀನಿ."